ಹತ್ತೊಂಬತ್ತನೇ ಕಾದಂಬರಿಗೆ ಒಂಬತ್ತು ಅಂಕ

ಈ ದೀಪಾವಳಿಗೆ ನನ್ನ ಒಂದು ನೋಟ್‌ಬುಕ್ ಕಳೆಯಿತು. ಬಂಗಾರ ಕಳೆದಿದ್ದರೂ ಇಷ್ಟು ಹೆದರುತ್ತಿರಲಿಲ್ಲ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ಆ ನೋಟ್‌ಬುಕ್ ಪರಿಚಯ ಉಂಟು. ವರ್ಷವಿಡೀ ಓದಿದ ಕಾದಂಬರಿಗಳನ್ನು ಅದರಲ್ಲಿ ಬರೆದಿಡುತ್ತೇನೆ. ಮೊದಲು ನಂಬರು, ಆಮೇಲೆ ನಾಲ್ಕು ಸಾಲು ಅಭಿಪ್ರಾಯ, ಕೊನೆಗೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ. (ಕನ್ನಡ ಟೀಚರ್ ನಾನು. ಅಂಕ ಕೊಡದಿದ್ದರೆ ಕೈ ಸುಮ್ಮನಿರುವುದಿಲ್ಲ.) ಡಿಸೆಂಬರ್ ಬಂತೆಂದರೆ ಅದನ್ನು ಮುಂದಿಟ್ಟುಕೊಂಡು ಆ ವರ್ಷ ನನಗೆ ಮೆಚ್ಚಿಗೆಯಾದ ಐದು ಕಾದಂಬರಿಗಳ ಬಗ್ಗೆ ಬರೆಯುವುದು ರೂಢಿ. ಈ ಸಲ ತಡವಾಗಿದೆ. "ಲಿಸ್ಟ್ ಎಲ್ಲಿ?" ಎಂದು ಕಾರ್ಡುಗಳು ಬಂದಿವೆ.

ಲಿಸ್ಟ್ ಇದೆ. ಆದರೆ ಅದು ಏನೆಲ್ಲ ಮಾಡಿ ಬಂತು ಎಂದು ಹೇಳದೆ ನಿಮ್ಮ ಕೈಗೆ ಕೊಡಲು ಧೈರ್ಯ ಬರುತ್ತಿಲ್ಲ. (ಯಾರ ಕಥೆಯೋ ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ.)

ಹಬ್ಬಕ್ಕೆ ಮಾನ್ವಿಗೆ ಹೋಗಿದ್ದೆವು. ಅದು ನಮ್ಮ ಅತ್ತೆ ಮನೆ. ಮಾವನವರದು ಅಕ್ಕಿ ಗಿರಣಿ. ಮೂರು ದಿನ ಇದ್ದು ರಾಯಚೂರಿಗೆ ಬಂದೆವು. ಬಂದು ಬ್ಯಾಗು ಬಿಚ್ಚಿದೆ. ಸೀರೆ ಇದೆ, ಅತ್ತೆ ಕಟ್ಟಿಕೊಟ್ಟ ಕರ್ಚಿಕಾಯಿ ಇದೆ, ನೋಟ್‌ಬುಕ್ ಇಲ್ಲ! ಸೀರೆಗಳನ್ನೆಲ್ಲ ಝಾಡಿಸಿದೆ. ಆಮೇಲೆ ನೆನಪಾಯಿತು. ಮಾನ್ವಿಯ ಮನೆಯ ಮೇಲಿನ ಕೋಣೆ. ಕಿಟಕಿ ಕಟ್ಟೆ. ಅಲ್ಲಿಟ್ಟಿದ್ದೇ ಕೊನೆ.

"ಹೋಗ್ಲಿ ಬಿಡು, ಇನ್ನೊಂದು ವಹಿ ತಗೊಂಡ್ರಾತು," ಅಂದರು ನಮ್ಮ ಯಜಮಾನರು.

ಅವರಿಗೆ ಹೇಗೆ ಹೇಳಲಿ, ಅದರಲ್ಲಿ ಏನಿದೆ ಅಂತ?

ನಿಮಗೆ ಹೇಳುತ್ತೇನೆ. ಹೇಗಿದ್ದರೂ ಲಿಸ್ಟ್ ಕೇಳಿದವರು ನೀವೇ.

ನಂಬರ್ ನಾಲ್ಕು. ಊರ ಮದುವೆಗಳಿಗೆಲ್ಲ ಪಾತ್ರೆ ಬಾಡಿಗೆ ಕೊಡುವ ಹೆಂಗಸಿನ ಕಥೆ. ಅವಳ ಮಗಳ ಮದುವೆ ದಿನವೇ ಊರಲ್ಲಿ ಇನ್ನೂ ಆರು ಮದುವೆ. ಒಂದು ಹಂಡೆಯೂ ಉಳಿದಿಲ್ಲ. "ನಗುತ್ತ ಶುರು ಮಾಡಿದೆ, ಸೆರಗಿನಿಂದ ಕಣ್ಣೊರೆಸಿಕೊಂಡು ಮುಗಿಸಿದೆ. ಎಂಟು." ಇದರಿಂದ ಅಪಾಯವಿಲ್ಲ.

ನಂಬರ್ ಹನ್ನೊಂದು, ಐತಿಹಾಸಿಕ. ಇಟ್ಟಿಗೆಯಷ್ಟು ದಪ್ಪ. "ಯುದ್ಧ ಬಂದಾಗಲೆಲ್ಲ ಪುಟ ಹಾರಿಸಿದೆ. ಅರಮನೆಯ ಅಡುಗೆಮನೆ ಬಂದಾಗಲೆಲ್ಲ ನಿಂತು ಓದಿದೆ. ಎಂಟು." ಇದೂ ಅಪಾಯವಿಲ್ಲ.

ನಂಬರ್ ಹದಿನೈದು, ಪತ್ತೇದಾರಿ. "ಕೊಲೆ ಮಾಡಿದವರು ಯಾರೆಂದು ಅರ್ಧದಲ್ಲೇ ತಿಳಿಯಿತು. ಲೇಖಕರಿಗೆ ಬೇಜಾರಾಗಬಾರದೆಂದು ಪೂರ್ತಿ ಓದಿದೆ. ಏಳು." (ಪತ್ತೇದಾರಿ ಕಾದಂಬರಿ ಓದುವ ಟೀಚರಾ ಎಂದು ಮೂಗು ಮುರಿಯುವವರು ಮುರಿಯಲಿ.)

ಇನ್ನು ನಂಬರ್ ಏಳು. ಬೀಗದ ಕೈ ಗೊಂಚಲನ್ನು ಸ್ನಾನಕ್ಕೆ ಹೋಗುವಾಗಲೂ ಬಿಚ್ಚಿಡದ ಅತ್ತೆಯೊಬ್ಬಳ ಕಥೆ. ಅದಕ್ಕೆ ನಾನು ಬರೆದದ್ದು ಹೀಗಿತ್ತು: "ಅತ್ತೆಯ ಪಾತ್ರ ಅದ್ಭುತ. ಲೇಖಕಿ ಒಂದು ವಾರ ಮಾನ್ವಿಗೆ ಬಂದು ಇದ್ದು ಹೋಗಿರಬೇಕು. ಎಂಟೂವರೆ."

ಮಾನ್ವಿಯಲ್ಲಿ ಎಷ್ಟು ಮನೆ, ಎಷ್ಟು ಅತ್ತೆಯಂದಿರು! ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಮಾನ್ವಿ ಅಂದರೆ ಯಾವ ಮನೆ ಎಂಬ ಅನುಮಾನ ಯಾರಿಗಾದರೂ ಬರುತ್ತದೆಯೇ?

ಕೊನೆಗೆ ನಂಬರ್ ಹತ್ತೊಂಬತ್ತು. ತವರಿನಿಂದ ಗಂಡನ ಊರಿಗೆ ಹೊರಟ ಹೆಂಗಸು, ಆ ಊರು ಬರುವುದಕ್ಕೆ ಮೊದಲೇ, ಹೆಸರೂ ಗೊತ್ತಿಲ್ಲದ ಒಂದು ಊರಿನಲ್ಲಿ ಬಸ್ಸಿನಿಂದ ಇಳಿದುಬಿಡುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ಓದಿ ನನಗೆ ಮೈ ಜುಮ್ಮೆಂದಿತ್ತು. "ಇಳಿದಿದ್ದೇ ಸರಿ. ಗಂಡನ ಮನೆಗೆ ಹೋಗಲೇಬೇಕೆಂದು ಯಾವ ಕಾಯ್ದೆಯಲ್ಲಿ ಬರೆದಿದೆ? ನಾನಾಗಿದ್ದರೆ ಇನ್ನೂ ಎರಡು ಸ್ಟಾಪ್ ಮೊದಲೇ ಇಳಿಯುತ್ತಿದ್ದೆ. ಒಂಬತ್ತು." ಕೆಂಪು ಶಾಯಿಯಲ್ಲಿ ಒಂಬತ್ತರ ಸುತ್ತ ಒಂದು ವೃತ್ತ ಬೇರೆ.

ಮಾನ್ವಿಯ ಗಿರಣಿಯಲ್ಲಿ ಫೋನ್ ಇದೆ. ಟ್ರಂಕ್ ಕಾಲ್ ಬುಕ್ ಮಾಡಬಹುದಿತ್ತು. ಎತ್ತುವವರು ಮಾವ. ಏನಂತ ಹೇಳುವುದು? "ಮಾವ, ಕಿಟಕಿಯಲ್ಲಿ ಒಂದು ವಹಿ ಇದೆ, ಓದದೆ ಎತ್ತಿಡಿ" ಅಂದರೆ ಓದದೆ ಬಿಡುವವರು ಯಾರು? ಸುಮ್ಮನಿದ್ದೆ. ಎಂಟು ದಿನ. ಕ್ಲಾಸಿನಲ್ಲಿ ಸಂಧಿ ಹೇಳಿಕೊಡುವಾಗಲೂ ಕಿಟಕಿ ಕಟ್ಟೆಯೇ ಕಣ್ಣ ಮುಂದೆ. ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಇದನ್ನ ಆಗಲೇ ಬರ್ಸೀರಿ," ಅಂದಳು.

ಒಂಬತ್ತನೇ ದಿನ ಮಾವನವರ ಗಿರಣಿ ಲಾರಿ ಡ್ರೈವರ್ ಬಂದು ಯಜಮಾನರ ಕೈಗೆ ಚೀಟಿ ಕೊಟ್ಟು ಹೋದ. ಮಾವನವರ ಅಕ್ಷರ. "ಗಿರಿಜಾ ದೇವದುರ್ಗಕ್ಕೆ ಹೋಗುವುದಿಲ್ಲ ಅಂತ ಕುಳಿತಿದ್ದಾಳೆ. ಅಳಿಯಂದಿರು ಬಂದು ಬರಿಗೈಲಿ ಹೋದರು. ನಿನ್ನ ಹೆಂಡತಿಯ ವಹಿ ನನ್ನ ಹತ್ತಿರ ಇದೆ. ಇಬ್ಬರೂ ಕೂಡಲೇ ಬರತಕ್ಕದ್ದು."

ಗಿರಿಜಾ ನನ್ನ ನಾದಿನಿ. ನಮ್ಮ ಯಜಮಾನರಿಗೆ ಒಬ್ಬಳೇ ತಂಗಿ. ಎಸ್ಸೆಸ್ಸೆಲ್ಸಿ ಪಾಸಾದವಳು. ಎರಡು ವರ್ಷದ ಹಿಂದೆ ದೇವದುರ್ಗಕ್ಕೆ ಕೊಟ್ಟಿದ್ದರು. ಗೊಬ್ಬರದ ಅಂಗಡಿ, ಹೊಲ, ಎಮ್ಮೆಗಳಿರುವ ಅನುಕೂಲಸ್ಥ ಮನೆತನ. ಹಬ್ಬಕ್ಕೆ ಬಂದಿದ್ದಳು, ಹಬ್ಬ ಮುಗಿದ ಮೇಲೆ ಹೋಗಬೇಕಿತ್ತು.

ಮಾನ್ವಿ ಬಸ್ಸಿನಲ್ಲಿ ಕಲ್ಲೂರು ದಾಟುವವರೆಗೂ ಯಜಮಾನರು ಆ ಚೀಟಿಯನ್ನೇ ಮತ್ತೆ ಮತ್ತೆ ಓದಿದರು. ಆಮೇಲೆ ಕೇಳಿದರು.

"ವಹ್ಯಾಗ ಏನ್ ಬರ್ದೀ?"

"ಕಾದಂಬರಿ ಬಗ್ಗೆ ಬರ್ದೀನ್ರಿ."

"ಕಾದಂಬರಿ ಬಗ್ಗೆ ಬರದ್ರ ನಮ್ಮ ತಂಗಿ ಯಾಕ ಗಂಡನ ಮನಿಗೆ ಹೋಗವಲ್ಲಳು?"

ಬರೆದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ. ಕಾಯ್ದೆ, ಸ್ಟಾಪು, ಕೆಂಪು ವೃತ್ತ. ಕೈಯಲ್ಲಿ ನೌಕರಿ, ಪಕ್ಕದಲ್ಲಿ ಒಳ್ಳೆಯ ಗಂಡ, ಹೊತ್ತಿಗೆ ಸರಿಯಾಗಿ ಊಟ. ಇಷ್ಟೆಲ್ಲ ಇಟ್ಟುಕೊಂಡು ಕುಳಿತು ಬರೆದ ಸಾಲುಗಳು. ಅವನ್ನು ನಂಬಿ ಒಬ್ಬಳು ಸಂಸಾರ ಬಿಟ್ಟರೆ ಆ ಪಾಪ ಯಾರದು?

ಮಾನ್ವಿಯ ಮನೆಯ ಪಡಸಾಲೆಯಲ್ಲಿ ಮಾವ ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ನನ್ನ ನೋಟ್‌ಬುಕ್. ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. ಗಿರಿಜಾ ಕಾಣಲಿಲ್ಲ. ನೀರು ಕೊಟ್ಟರು, ಕುಡಿದೆವು. ಆಮೇಲೆ ಮಾವ ಕನ್ನಡಕ ಹಾಕಿಕೊಂಡು ಹತ್ತೊಂಬತ್ತನೇ ನಂಬರನ್ನು ಗಟ್ಟಿಯಾಗಿ ಓದಿದರು. ಇಡೀ ಮನೆಗೆ ಕೇಳುವ ಹಾಗೆ.

"ಇದು ನಿನ್ನ ಅಕ್ಷರ ಹೌದಿಲ್ಲೋ?"

"ಹೌದ್ರಿ ಮಾವ. ಆದ್ರ ಅದು ಕಾದಂಬರ್ಯಾಗಿನ ಹೆಣ್ಮಗಳ ಬಗ್ಗೆ..."

"ಕಾದಂಬರಿ ಅಂದ್ರ ಕಟ್ಟಿದ ಕಥಿ. ಸುಳ್ಳು. ಸುಳ್ಳಿಗೆ ಹತ್ತಕ್ಕ ಒಂಬತ್ತು ಕೊಟ್ಟೀಯಲ್ಲವಾ ತಾಯಿ!"

ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಆಕಿ ಯಾಕ ಹೋಗಂಗಿಲ್ಲ ಅಂತ ಏನರ ಹೇಳ್ಯಾಳೇನ್ರಿ?" ಅಂದೆ, ಹೆದರುತ್ತಲೇ.

"ಬಾಯೇ ಬಿಡವಲ್ಲಳು. ಈ ವಹಿ ಎದಿಗೆ ಅವಚಿಕೊಂಡು ಮ್ಯಾಲಿನ ಖೋಲ್ಯಾಗ ಕುಂತಿದ್ಲು. ಇನ್ನ ಕಾರಣ ಬ್ಯಾರೆ ಹುಡುಕಬೇಕೇನು?" ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟರು. "ನೀನ ಕೆಡಿಸೀದಿ, ನೀನ ಸರಿ ಮಾಡು. ನಾಳಿ ಮುಂಜಾನಿ ಬಸ್ಸಿಗೆ ಕರಕೊಂಡು ಹೋಗಿ ದೇವದುರ್ಗದಾಗ ಬಿಟ್ಟು ಬಾ."

ನಾನು ಏನೆಂದೆ ಗೊತ್ತೇ? "ಆತ್ರಿ ಮಾವ," ಎಂದೆ.

ಎರಡು ಸ್ಟಾಪ್ ಮೊದಲೇ ಇಳಿಯುತ್ತಿದ್ದವಳು ನಾನು! ಒಂದು ಗದರಿಕೆಗೆ ತಲೆ ಆಡಿಸಿದೆ. ಮೇಲೆ ಹೋಗಿ ಗಿರಿಜಾಳಿಗೆ ಬುದ್ಧಿ ಹೇಳಿದೆ. ಕಥೆ ಬೇರೆ, ಜೀವನ ಬೇರೆ, ಹೋಗು, ಎಲ್ಲ ಸರಿಹೋಗುತ್ತದೆ ಎಂದೆ. ಅವಳು ನನ್ನನ್ನೇ ನೋಡುತ್ತ ಕೂತಿದ್ದಳು. ಜಗಳವಾಡಲಿಲ್ಲ. ಬೆಳಿಗ್ಗೆ ತಾನೇ ಚೀಲ ಹಿಡಿದು ಕೆಳಗೆ ಬಂದಳು. ಅತ್ತೆ ಉಡಿ ತುಂಬಿದರು. ಯಜಮಾನರಿಗೆ ಆಫೀಸು, ಅವರು ರಾಯಚೂರು ಬಸ್ಸು ಹತ್ತಿದರು. ನಾವಿಬ್ಬರು ಸಿರವಾರದ ಬಸ್ಸು ಹತ್ತಿದೆವು. ದೇವದುರ್ಗಕ್ಕೆ ಅಲ್ಲಿ ಬಸ್ಸು ಬದಲಿಸಬೇಕು.

ಸಿರವಾರದಲ್ಲಿ ಇಳಿದಾಗ ದೇವದುರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಕಲ್ಲುಬೆಂಚು. ಕುಳಿತೆವು. ಕವಿತಾಳದ ಕಡೆಯ ಬಸ್ಸೊಂದು ಬಂತು, ಕೋಳಿ ಬುಟ್ಟಿ ಸಮೇತ ಜನ ಇಳಿದರು, ಹೋಯಿತು. ಗಿರಿಜಾ ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ಬಿಸಿಲಿತ್ತು, ಆದರೂ ಹೊದ್ದಿದ್ದಳು. ಆಗ ಅವಳ ಕೈ ಕಂಡಿತು. ಬಳೆಗಳು ಮೊಳಕೈವರೆಗೂ ಜಾರುತ್ತಿದ್ದವು. ಮದುವೆಯಲ್ಲಿ ಇದೇ ಬಳೆಗಳನ್ನು ಸೋಪಿನ ನೀರು ಹಚ್ಚಿ ತೊಡಿಸಿದ್ದು ನಾನೇ.

"ಗಿರಿಜಾ," ಎಂದೆ, "ನನ್ನ ವಹಿ ಓದಿ ನೀನು ಹಿಂಗ ಮಾಡಿದ್ರ ನನ್ನ ಕೈಲೆ ತಡಕೊಳ್ಳಾಕ ಆಗಂಗಿಲ್ಲವಾ. ಖರೆ ಹೇಳು, ಯಾಕ ಹೋಗಾಕ ಒಲ್ಲಿ?"

ಅವಳು ತಲೆ ಎತ್ತಿದಳು.

"ನಿಮ್ಮ ವಹಿ ಓದಿ ನಾನು ಹೋಗಂಗಿಲ್ಲ ಅಂದಿಲ್ಲ ವೈನಿ. ಹೋಗಂಗಿಲ್ಲ ಅಂತ ಗಟ್ಟಿ ಮಾಡಿದ ಮ್ಯಾಲ ಓದೀನಿ. ನನ್ನಂಗ ಇನ್ನೊಬ್ಬಾಕಿ ಅದಾಳಲ್ಲ ಅಂತ ಜೀವಕ್ಕ ಸಮಾಧಾನ ಆತು. ಅಷ್ಟ." ಜಾರಿದ ಬಳೆಗಳನ್ನು ಮಣಿಕಟ್ಟಿಗೆ ಎಳೆದುಕೊಂಡಳು. "ಯಾಕ ಅಂತ ಕೇಳಿದವರಾಗ ನೀವ ಮೊದಲಿನವರು."

ಆಮೇಲೆ ಹೇಳಿದಳು. ಅಳದೆ, ಬೇರೆ ಯಾರದೋ ವಿಷಯ ಹೇಳುವಂತೆ.

ಹೋದ ವರ್ಷ ಅವಳಿಗೆ ಗರ್ಭ ಇಳಿದಿತ್ತು. ಮಾನ್ವಿಗೆ ಒಂದು ಕಾರ್ಡು ಬಂದಿತ್ತು: "ಹೊಟ್ಟೆ ನಿಲ್ಲಲಿಲ್ಲ, ದೇವರ ಇಚ್ಛೆ." ನಾವೆಲ್ಲ ಓದಿ ಛೇ ಛೇ ಅಂದಿದ್ದೆವು. ಅಷ್ಟೇ. ಏನಾಗಿತ್ತೆಂದರೆ, ಎರಡು ದಿನ ರಕ್ತ ಹೋಗುತ್ತಿದ್ದರೂ ಅವಳನ್ನು ದವಾಖಾನೆಗೆ ಕರೆದೊಯ್ದಿರಲಿಲ್ಲ. ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ಅಲ್ಲಿಯ ಅತ್ತೆ ಕಷಾಯ ಕುಡಿಸಿದರು. ಗಂಡ ಅಂಗಡಿಗೆ ಹೋದ.

"ಅದ ವಾರ ಎಮ್ಮಿ ಮೇವು ಬಿಟ್ಟಿತ್ತು ವೈನಿ. ದನದ ಡಾಕ್ಟರನ್ನ ಕರಕೊಂಡು ಬಂದ್ರು. ಹಿತ್ತಲದಾಗ ಡಾಕ್ಟರ್ ಎಮ್ಮಿ ನೋಡಾಕತ್ತಿದ್ದ, ನಾನು ಒಳಗ ಗ್ವಾಡಿಗೆ ಕಾಲು ಹಚ್ಚಿಕೊಂಡು ಮಲಗಿದ್ದೆ. ಕಿಡಕ್ಯಾಗಿಂದ ಕೇಳ್ತಿತ್ತು, ಡಾಕ್ಟರ್ ಅಂದ, 'ಛಲೋ ಆತು, ಟೈಮಿಗೆ ಕರೆಸೀರಿ' ಅಂತ."

ಅವಳ ಕೈ ಹಿಡಿದುಕೊಂಡೆ.

"ಈಗ ಮತ್ತ ಮೂರನೇ ತಿಂಗಳು ನಡದದ," ಎಂದಳು. "ಯಾರಿಗೂ ಹೇಳಿಲ್ಲ. ಅವ್ವಗ ಹೇಳಿದ್ರ ಇನ್ನಾ ಲಗೂನ ಕಳಸ್ತಾಳ. ಹೊಟ್ಟಿಲಿದ್ದಾಕಿ ಗಂಡನ ಮನ್ಯಾಗ ಇರಬೇಕಂತಾಳ. ಅಲ್ಲಿಗೆ ಹೋದ್ರ ಈ ಸಲ ನಾನೂ ಉಳಿಯಂಗಿಲ್ಲ ವೈನಿ. ಹಬ್ಬದ ದಿನ ನಿಮಗ ಹೇಳಬೇಕಂತ ಬಂದಿದ್ದೆ."

ಬಂದಿದ್ದಳು. ಹೌದು, ಬಂದಿದ್ದಳು! ಮಧ್ಯಾಹ್ನ ಮೇಲಿನ ಕೋಣೆಯ ಬಾಗಿಲಲ್ಲಿ ನಿಂತು, "ವೈನಿ, ಪುರುಸೊತ್ತದ ಏನ್ರಿ?" ಅಂದಿದ್ದಳು. ನಾನು ಪುಸ್ತಕದಿಂದ ತಲೆ ಎತ್ತದೆ, "ಇನ್ನ ಹನ್ನೆರಡ ಪುಟ ಉಳದಾವು, ಮುಗಿಸಿ ಬರ್ತೀನಿ. ಅಲ್ಲೀತನಕ ಚಾಕ್ಕ ಇಟ್ಟಿರು," ಅಂದಿದ್ದೆ. ಚಹ ತಂದುಕೊಟ್ಟಳು. ನಾನು ಕುಡಿದೆ. ಕಥೆಯಲ್ಲಿನ ಯಾವುದೋ ಹೆಂಗಸಿನ ಕಷ್ಟಕ್ಕೆ ಮರುಗುತ್ತ, ಇವಳ ಕೈಯ ಚಹ ಕುಡಿದೆ. ಅವಳ ಮುಖ ನೋಡಿದ ನೆನಪಿಲ್ಲ.

ಅಷ್ಟರಲ್ಲಿ ದೇವದುರ್ಗದ ಬಸ್ಸು ಬಂತು. ಕಂಡಕ್ಟರ್ ಕೆಳಗೆ ಇಳಿದು ಊರುಗಳ ಹೆಸರು ಕೂಗತೊಡಗಿದ. ಗಿರಿಜಾ ಚೀಲ ಎತ್ತಿಕೊಂಡು ಎದ್ದಳು. ನಾನು ಹೇಳಿದರೆ ಹತ್ತುವವಳೇ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

"ಕೂಡು," ಎಂದೆ.

"ಅಪ್ಪ ಬೈತಾನ ವೈನಿ."

"ಬೈಲಿ. ಕೂಡು."

ಬಸ್ಸು ಹೋಯಿತು. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಧೈರ್ಯ ಎನ್ನುವುದು ಕಾದಂಬರಿಯಲ್ಲಿ ಇದ್ದ ಹಾಗೆ ಇರುವುದಿಲ್ಲ. ಮಾವನ ಮುಖ, ಯಜಮಾನರ ಮುಖ, ದೇವದುರ್ಗದವರು ಬಾಗಿಲಿಗೆ ಬಂದು ನಿಂತರೆ ಏನು ಹೇಳುವುದು, ಎಲ್ಲ ಒಟ್ಟಿಗೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದವು. ಮುಂದೆ ಬಂದ ರಾಯಚೂರು ಬಸ್ಸಿಗೆ ಅವಳನ್ನು ಹತ್ತಿಸಿದೆ. ಪ್ರತಿ ತಗ್ಗಿಗೂ ಅವಳ ಹೊಟ್ಟೆಗೆ ಅಡ್ಡ ನನ್ನ ಕೈ ಇಟ್ಟುಕೊಂಡೇ ಕುಳಿತೆ.

ಬಸ್ ಸ್ಟ್ಯಾಂಡಿನಿಂದ ಮನೆಗೂ ಹೋಗಲಿಲ್ಲ, ನೇರ ಲೇಡಿ ಡಾಕ್ಟರ ಹತ್ತಿರ. ಡಾಕ್ಟರಮ್ಮ ಗಿರಿಜಾಳ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇಷ್ಟು ದಿನ ಏನ್ ಮಾಡಾಕತ್ತಿದ್ರಿ ನೀವು?"

(ಓದಾಕತ್ತಿದ್ದೆವ್ರಿ, ಎನ್ನಬೇಕಾಗಿತ್ತು.)

ಮೈಯಲ್ಲಿ ರಕ್ತವೇ ಇಲ್ಲ, ಪೂರ್ತಿ ವಿಶ್ರಾಂತಿ ಬೇಕು, ಇನ್ನು ಬಸ್ಸು ಹತ್ತಿಸಕೂಡದು ಎಂದರು. ಇಂಜೆಕ್ಷನ್ ಬರೆದರು. ಹಾಗೇ ದೇವದುರ್ಗಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಬರೆಯುತ್ತಲೇ ಇದ್ದರು.

ಸಂಜೆ ಯಜಮಾನರು ಆಫೀಸಿನಿಂದ ಬಂದಾಗ ತಂಗಿ ಮಂಚದ ಮೇಲೆ ಮಲಗಿದ್ದಳು. ಬಾಗಿಲಲ್ಲೇ ನಿಂತರು. "ದೇವದುರ್ಗಕ್ಕ ಬಿಡು ಅಂದ್ರ ಇಲ್ಲಿಗೆ ಕರಕೊಂಡು ಬಂದಿ?" ಎಂದು ಶುರು ಮಾಡಿದವರು ಎಮ್ಮೆಯ ಸಂಗತಿ ಕೇಳುವ ಹೊತ್ತಿಗೆ ಕುರ್ಚಿಯಲ್ಲಿ ಕುಸಿದಿದ್ದರು. ಒಂದೇ ಮಾತು ಕೇಳಿದರು, ತಂಗಿಯನ್ನು. "ನನಗ್ಯಾಕ ಹೇಳಲಿಲ್ಲ?"

"ಅಣ್ಣಾ, ನೀ ಕೇಳಿದ್ದು ಒಂದ ಸಲ. ಕಾರ್ಡಿನ್ಯಾಗ. 'ಎಲ್ಲರೂ ಕ್ಷೇಮವೇ' ಅಂತ."

ಅವರೇ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದರು. ನಾನೂ ಜೊತೆಗೆ ಹೋದೆ. ಲೈನ್ ಸಿಕ್ಕಿತು. ಮಾವ ಕೂಗಾಡುವುದು ಬೂತಿನ ಹೊರಗೆ ನಿಂತ ನನಗೂ ಕೇಳುತ್ತಿತ್ತು. ನನ್ನ ಹೆಸರು ಎರಡು ಮೂರು ಸಲ ಬಂತು. ಯಜಮಾನರು ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಹೋದ ವರ್ಷದ ಎರಡು ದಿನ, ಹಿತ್ತಲಿನ ಡಾಕ್ಟರ್, ಈಗಿನ ಮೂರು ತಿಂಗಳು. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆವು. ಮೂರು ನಿಮಿಷ ಆಯಿತು, ಮುಂದುವರಿಸಬೇಕೇ ಎಂದು ಆಪರೇಟರ್ ಕೇಳಿದಳು. ಮಾವನವರೇ ಅತ್ತಿಂದ, "ಬ್ಯಾಡವಾ," ಎಂದು ಇಟ್ಟುಬಿಟ್ಟರು.

ಇದಕ್ಕೆ ಏನರ್ಥ? ಎರಡು ದಿನ ನಮಗೆ ತಿಳಿಯಲಿಲ್ಲ. ಬೀದಿಯಲ್ಲಿ ಲಾರಿ ನಿಂತರೆ ಕಿಟಕಿಗೆ ಓಡುತ್ತಿದ್ದೆ. ಗಿರಿಜಾಳಿಗೆ ಮಾತ್ರ ಏನೂ ಆಗಿಲ್ಲವೆಂಬಂತೆ ಅನ್ನ ಬಡಿಸುತ್ತಿದ್ದೆವು, ಮತ್ತೆ ಒಳಗೆ ಹೋಗಿ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದೆವು.

ಮೂರನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಅತ್ತೆ. ಒಬ್ಬರೇ! ಜೀವನದಲ್ಲಿ ಒಬ್ಬರೇ ಬಸ್ಸು ಹತ್ತಿದವರಲ್ಲ. ತಲೆಯ ಮೇಲೆ ರೊಟ್ಟಿ ಗಂಟು, ಕೈಯಲ್ಲಿ ತುಪ್ಪದ ಡಬ್ಬಿ. ಸೊಂಟದಲ್ಲಿ ಬೀಗದ ಕೈ ಗೊಂಚಲು ಇರಲಿಲ್ಲ. ನನ್ನನ್ನು ಮಾತಾಡಿಸದೆ ಒಳಗೆ ಹೋಗಿ ಮಗಳ ಕಾಲ ಬಳಿ ಕುಳಿತರು.

"ಮಾವ ಏನಂದ್ರು ಅತ್ತಿ?" ಎಂದೆ.

"ಏನೂ ಅಂದಿಲ್ಲ. ಎರಡು ದಿನ ಉಂಡಿಲ್ಲ. ಇವತ್ತು ತಾವ ಬಸ್ಸಿಗೆ ಕೂಡಿಸಿ ಹೋದ್ರು."

ಗಿರಿಜಾಳ ಗಂಡ ಒಂದು ಭಾನುವಾರ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, "ಯಾವಾಗ ಕಳಸ್ತೀರಿ?" ಎಂದರು. ಅತ್ತೆ ಹೊಸ್ತಿಲಲ್ಲೇ ಕುಳಿತಿದ್ದರು. "ಕೂಸು ಬರ್ಲಿ, ತಾಯಿ ಉಳೀಲಿ. ಆಮ್ಯಾಲ ನಾವೂ ನೀವೂ ಕುಂತು ಮಾತಾಡೋಣು," ಎಂದರು. ಅಳಿಯಂದಿರು ಚಹ ಕುಡಿಯದೆ ಎದ್ದು ಹೋದರು. ಮುಂದೇನಾಗುತ್ತದೆ, ನನಗೆ ಗೊತ್ತಿಲ್ಲ. ಈಗ ಐದನೇ ತಿಂಗಳು. ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತೇನೆ. ಗಿರಿಜಾ ಸ್ನಾನಕ್ಕೆ ಹೋಗಿ ಸ್ವಲ್ಪ ತಡವಾದರೆ ಬಚ್ಚಲ ಬಾಗಿಲು ತಟ್ಟುತ್ತೇನೆ.

ಮಲಗಿ ಮಲಗಿ ಬೇಜಾರಾಗಿ ಅವಳು ನನ್ನ ಲಿಸ್ಟಿನ ಐದನ್ನೂ ಓದಿ ಮುಗಿಸಿದ್ದಾಳೆ. ಪಾತ್ರೆ ಬಾಡಿಗೆಯವಳಿಗೆ ಹತ್ತಕ್ಕೆ ಹತ್ತು. ಹತ್ತೊಂಬತ್ತನೆಯದಕ್ಕೆ ನಾಲ್ಕು. ಯಾಕೆ ಇಷ್ಟು ಕಡಿಮೆ ಎಂದೆ.

"ಬಸ್ಸು ಇಳದಾಕಿ ಅವತ್ತು ಎಲ್ಲಿ ಉಂಡ್ಲು, ಯಾರ ಮನ್ಯಾಗ ಇದ್ಲು? ಅದನ್ನ ಬರದೇ ಇಲ್ಲಲ್ಲ ವೈನಿ. ಇಳಿಯೂದು ಒಂದು ನಿಮಿಷದ ಕೆಲಸ."

ನನ್ನ ಒಂಬತ್ತನ್ನು ಹೊಡೆದು ಹಾಕಿದೆ. ಈ ವರ್ಷದ ಲಿಸ್ಟಿಗೆ ಅವಳ ಅಂಕಗಳೇ ಅಂತಿಮ.

ಮೊನ್ನೆ ಅತ್ತೆ ಬಿಸಿಲಲ್ಲಿ ಕುಳಿತು ಮಗಳ ತಲೆ ಬಾಚುತ್ತಿದ್ದರು. ಬಾಚಿ ಮುಗಿದು ಗಿರಿಜಾ ಒಳಗೆ ಹೋದ ಮೇಲೆ, ಹಣಿಗೆಗೆ ಸುತ್ತಿದ ಕೂದಲನ್ನು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳಿದರು.

"ಹಬ್ಬದಾಗ ಎಣ್ಣಿ ಹಚ್ಚುವಾಗನ ನನಗ ಗೊತ್ತಾಗಿತ್ತವಾ. ಕೂದಲು ಹಿಡಿಗಟ್ಟಲೆ ಬರಾಕತ್ತಿದ್ವು. ಕೇಳಿದ್ರ ಎಲ್ಲಿ ಹೇಳಿಬಿಡ್ತಾಳೋ ಅಂತ ಹೆದರಿ ಕೇಳಲಿಲ್ಲ."

ಉತ್ತರ ಗೊತ್ತಿದ್ದೇ ನಾವು ಕೇಳದೆ ಬಿಟ್ಟವರು ನಮ್ಮ ನಿಮ್ಮ ಮನೆಗಳಲ್ಲಿ ಇನ್ನೂ ಎಷ್ಟು ಜನರಿದ್ದಾರೆ?